ಕಡ ತಂದ ಬಾಲ್ಕನಿ

ಎಲೀಸೊ ಬರುತ್ತೇನೆಂದಾಗ ಮೊದಲು ನೆನಪಾದದ್ದು
ಇಲ್ಲದ ಬಾಲ್ಕನಿ.

ಆರು ವರ್ಷದ ಹಿಂದೆ, ಬಂದ ಮೊದಲ ಚಳಿಗಾಲ,
ಅಮ್ಮನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ:
ಮನೆ ಸಣ್ಣದು, ಆದರೆ ಬಾಲ್ಕನಿ ಇದೆ.
ಬಾಯಿ ತಪ್ಪಿ ಬಂದದ್ದಲ್ಲ. ಆ ಕಡೆ ಅಮ್ಮ
ಉಸಿರು ಹಿಡಿದು ಕಾಯುತ್ತಿದ್ದಳು,
ಏನಾದರೂ ಒಂದು ಕೊಡಬೇಕಿತ್ತು.
ಆಮೇಲೆ ಅದು ಬೆಳೆಯಿತು. ಒಂದು ಕುರ್ಚಿ ಹಾಕಿದೆ.
ಮರುವರ್ಷ ಕೆಂಪು ಜೆರೇನಿಯಂ. ಯಾವುದೋ ಭಾನುವಾರ
ಪಕ್ಕದ ಮನೆಯ ಬೆಕ್ಕನ್ನೂ ಕರೆತಂದು ಕೂರಿಸಿದೆ.
ಕುತಾಯಿಸಿಯ ನಮ್ಮ ಬೀದಿಗೆಲ್ಲ ಈಗ ಗೊತ್ತು,
ಲೈಪ್ಜಿಗ್‌ನಲ್ಲಿ ನಾನು ಸಂಜೆ ಎಲ್ಲಿ ಕೂತು
ಚಹಾ ಕುಡಿಯುತ್ತೇನೆಂದು.

ಬಂದಳು. ಮೂವತ್ತೆರಡು ಕಿಲೋ ಪೆಟ್ಟಿಗೆ,
ಅದರಲ್ಲಿ ಅವಳ ಬಟ್ಟೆ ಮೂರು ಕಿಲೋ.
ಮಿಕ್ಕದ್ದು ಸುಲ್ಗುನಿ ಚೀಸು, ಚೆಂಡುಹೂವಿನ ಪುಡಿ,
ದಾರಕ್ಕೆ ಪೋಣಿಸಿ ದ್ರಾಕ್ಷಿಯ ಪಾಕದಲ್ಲಿ ಅದ್ದಿ
ಒಣಗಿಸಿದ ಆಕ್ರೋಟಿನ ಸರಗಳು.
ನಾಲ್ಕನೇ ಮಹಡಿಗೆ ಇಬ್ಬರೂ ಹೊತ್ತೆವು.
ಲಿಫ್ಟ್ ಇದೆ ಎಂದೂ ಹೇಳಿದ್ದೆನೇ?
ನೆನಪಿಲ್ಲ. ಅವಳೂ ಕೇಳಲಿಲ್ಲ.
ಒಳಗೆ ಬಂದು ಕಿಟಕಿ ನೋಡಿದಳು; ಎರಡು.
ಬಾಗಿಲು ನೋಡಿದಳು; ಬಚ್ಚಲದ್ದೂ ಸೇರಿ ಎರಡು.
"ಹಸಿವೆ," ಅಂದಳು.

ಊರು ತೋರಿಸಲು ಪಟ್ಟಿ ಮಾಡಿಟ್ಟಿದ್ದೆ.
ಯುದ್ಧ ಸ್ಮಾರಕದ ಮೆಟ್ಟಿಲು ಅರ್ಧಕ್ಕೇ ಸಾಕೆಂದಳು;
ನನಗೂ ಅದು ಮೊದಲ ಸಲವೇ ಎಂಬುದು
ಟಿಕೆಟ್ ಕೌಂಟರ್ ಹುಡುಕುವಾಗಲೇ ಬಯಲಾಗಿತ್ತು.
ಅವಳಿಗೆ ಹಿಡಿಸಿದ್ದು ಅಂಗಡಿಯ ಮೂಲೆಯಲ್ಲಿ
ಖಾಲಿ ಬಾಟಲಿ ನುಂಗಿ ಚೀಟಿ ಉಗುಳುವ ಯಂತ್ರ.
ಮೂರು ದಿನವೂ ಹೋದೆವು, ದಾರಿಯ ಬಾಟಲಿ ಹೆಕ್ಕಿಕೊಂಡು,
ಎಂಟು ಸೆಂಟು, ಇಪ್ಪತ್ತೈದು ಸೆಂಟು,
ಚೀಟಿ ಬಂದಾಗಲೆಲ್ಲ ಯಂತ್ರದ ಬೆನ್ನು ತಟ್ಟಿ
"ನಿನ್ನ ಹೊಟ್ಟೆ ತಣ್ಣಗಿರಲಿ" ಅಂದಳು.

ರಾತ್ರಿ ಒಂದೇ ಮಂಚ. ಗೋಡೆಯ ಕಡೆ ಅವಳು.
ಹತ್ತರ ಮೇಲೆ ನಗಬಾರದು ಇಲ್ಲಿ, ಅಂದೆ.
ನಗುವೇನು ನಲ್ಲಿಯೇ, ತಿರುಗಿಸಿ ನಿಲ್ಲಿಸಲು?
ದಿಂಬು ಕಚ್ಚಿಕೊಂಡು ನಕ್ಕೆವು.
ಕತ್ತಲಲ್ಲಿ ಬಾಲ್ಕನಿಯ ಸುದ್ದಿ ಎತ್ತುತ್ತಾಳೆಂದು ಕಾದೆ.
ಗೊರಕೆ ಹೊಡೆದಳು.

ನಾಲ್ಕನೆಯ ಬೆಳಿಗ್ಗೆ ಎದ್ದರೆ ಹಾಸಿಗೆಯಲ್ಲಿಲ್ಲ.
ಮೆಟ್ಟಿಲಲ್ಲಿ ದನಿ. ಎರಡು ಮಹಡಿ ಕೆಳಗೆ
ಶ್ರೀಮತಿ ಹೆಂಪೆಲ್ ಅವರ ತೆರೆದ ಬಾಗಿಲಲ್ಲಿ
ಆಕ್ರೋಟಿನ ಸರ ಹಾರದಂತೆ ಹಿಡಿದು ನಿಂತಿದ್ದಾಳೆ.
ಐದು ಪದ ಜರ್ಮನ್, ಉಳಿದದ್ದೆಲ್ಲ ಹುಬ್ಬು.
ಆರು ವರ್ಷದಲ್ಲಿ ಆಕೆ ನನ್ನೊಡನೆ ಆಡಿದ್ದು ಎರಡು ಮಾತು:
ನಮಸ್ಕಾರ; ಮತ್ತೆ, ರಟ್ಟು ನೀಲಿ ತೊಟ್ಟಿಗೆ.
ಈಗ ನಗುತ್ತಿದ್ದಾರೆ. ಸುಳ್ಳೇಕೆ,
ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು.
"ಚಪ್ಪಲಿ ಬಿಚ್ಚಿ ಬಾ," ಅಂದಳು ಎಲೀಸೊ, ಮನೆ ತನ್ನದೆಂಬಂತೆ,
ನೇರ ಒಳಗೆ, ಅಡಿಗೆಮನೆ ದಾಟಿ,
ಹೊರಗೆ.

ಕಬ್ಬಿಣದ ಕಟಕಟೆ. ಒಂದು ಕುರ್ಚಿ. ಜೆರೇನಿಯಂ ಕೂಡ,
ಕೆಂಪಲ್ಲ, ಬಿಳಿ; ಅಷ್ಟು ಸುಳ್ಳು ಉಳಿದುಕೊಂಡಿತು.
ನನ್ನನ್ನು ಕೂರಿಸಿದಳು. ಕೈಗೆ ಖಾಲಿ ಲೋಟ ಕೊಟ್ಟು
"ಬಿಸಿ ಇದ್ದ ಹಾಗೆ ಊದು," ಅಂದಳು.
ಊದಿದೆ.
ಏನೂ ತಿಳಿಯದೆ, ಎಲ್ಲ ತಿಳಿದವರಂತೆ
ಶ್ರೀಮತಿ ಹೆಂಪೆಲ್ ನೆಲ ಒರೆಸುವ ಬಕೆಟ್ಟನ್ನು
ಕಾಲಲ್ಲೇ ಚಿತ್ರದಾಚೆ ತಳ್ಳಿದರು.

ಅವಳು ಹೋದ ಮೂರನೆಯ ದಿನ ಅಮ್ಮನ ಫೋನು.
"ಹೂ ಬಿಳಿ ಮಾಡಿದ್ದೀಯ. ಚೆನ್ನಾಗಿದೆ. ಸೊರಗಿದ್ದೀಯ."
ಆಮೇಲೆ, ಫೋಟೋ ಹಿಗ್ಗಿಸಿ ನೋಡುತ್ತ,
"ಎಲೆಯಂಚು ಕಂದಿದೆಯಲ್ಲೇ. ನೀರು ಹಾಕುವುದಿಲ್ಲವೇನೆ?"

ಹಾಕುತ್ತೇನಮ್ಮ, ಅಂದೆ.
ಹಾಲಿನ ಪಾತ್ರೆಯ ಕಂಠಮಟ್ಟ ನೀರು ತುಂಬಿ
ಚೆಲ್ಲದಂತೆ ಎರಡು ಮಹಡಿ ಇಳಿದೆ.
ಗಂಟೆ ಒತ್ತಲು ಕೈ ಬಿಡುವಿರಲಿಲ್ಲ.
ಮೊಣಕೈಯಲ್ಲಿ ಒತ್ತಿದೆ.