ತೂಕದ ದಿನ

ಬೈತಖೋಲದ ಅಂಗನವಾಡಿಯ ಜಂತಿಗೆ
ತಕ್ಕಡಿ ತೂಗುಹಾಕಿದ್ದೇನೆ, ಬಟ್ಟೆಯ ಜೋಳಿಗೆ ಸಮೇತ.
ರಿಜಿಸ್ಟರಿನಲ್ಲಿ ಹೆಸರಿನ ಮನೆ ಇನ್ನೂ ಖಾಲಿ:
‘ಸುಲಕ್ಷಾಳ ಮಗು, ಹೆಣ್ಣು, ಎರಡು ತಿಂಗಳು.’

“ಶೆಟ್ಲಿ ಅಂತ ಬರ್ಕಳಿ ಅಕ್ಕೋರೆ,” ಅಂತಾಳೆ ಅಜ್ಜಿ ಮಾಣಕಿ,
ಮೀನುಬುಟ್ಟಿ ಹೊರಗಿಟ್ಟು, ಸೆರಗಿಗೆ ಕೈ ಒರೆಸಿ.
ಹೋದ ವಾರ ಇದೇ ಕೂಸು ಒಣ ತಾರ್ಲೆ,
ಅದಕ್ಕೂ ಹಿಂದೆ ಏಡಿಕಾಲು.
ಸಿಟ್ಟು ಬಂದರೆ ಕಸ,
ಮುದ್ದು ಉಕ್ಕಿದರೆ ಬಲೆ ತೊಳೆದ ನೀರು.

ಇವಳ ಬಾಯಿ ನನಗೆ ಗೊತ್ತು.
ನಿನ್ನೆಯ ಬಂಗಡೆಯನ್ನು ಮಂಜುಗಡ್ಡೆಯಿಂದೆತ್ತಿ
“ಈಗಷ್ಟೇ ದೋಣಿಯಿಂದಿಳಿದದ್ದು, ಕಣ್ಣು ನೋಡ್ರಾ,
ಬೆಳ್ಳಿ!” ಎಂದು ನನಗೇ ದಾಟಿಸಿದವಳು.
ಲೋಕದ ಮೀನನ್ನೆಲ್ಲ ಹೊಗಳಿ ಮಾರುವವಳು
ಇದೊಂದನ್ನು ಮಾತ್ರ ಹಳಿಯುತ್ತಾಳೆ,
ದನಿ ಎತ್ತರಿಸಿ, ಹಂಚಿನ ಸಂದಿನ ಕಡೆ ಮುಖ ಮಾಡಿ,
ಅಲ್ಲೊಬ್ಬ ಗಿರಾಕಿ ನಿಂತ ಹಾಗೆ.

ಎರಡು ಸಲ ಬಂದಿದ್ದನಂತೆ ಅವನು, ಈ ಮನೆಗೆ.
ಆಗ ಕೂಸುಗಳಿಗೆ ಮುತ್ತು, ಬಂಗಾರಿ ಅನ್ನುತ್ತಿದ್ದರಂತೆ.
ಚೌಕಾಸಿಯನ್ನೂ ಮಾಡಲಿಲ್ಲವಂತೆ.

ಜೋಳಿಗೆ ಒಂದು ಸುತ್ತು ತಿರುಗಿ ನಿಂತಿತು.
ಮುಳ್ಳು ಮೂರು ಕಿಲೋ ಆರುನೂರರ ಮೇಲೆ,
ಹೋದ ತಿಂಗಳಿಗಿಂತ ಎಂಟುನೂರು ಗ್ರಾಮು ಹೆಚ್ಚು.
ಹೇಳಲು ಬಾಯ್ತೆರೆದೆ.
ಮಾಣಕಿ ನನ್ನನ್ನೇ ನೋಡಿದಳು.

ಅಂಕಿಯನ್ನು ಸಣ್ಣಗೆ, ಪೆನ್ಸಿಲಿನಲ್ಲಿ ಬರೆದು
ಹಂಚಿಗೆ ಕೇಳುವಷ್ಟು ಜೋರಾಗಿ ಅಂದೆ:
“ಥೂ, ಎಂತಾ ಶೆಟ್ಲಿಯೇ ಇದು,
ಒಂದು ಹೊತ್ತಿನ ಸಾರಿಗೂ ಸಾಲ್ದು.”