ನಡಾವಳಿ

ಏಳು ಗಂಟೆ ಎರಡು ನಿಮಿಷಕ್ಕೆ ಸಭೆ ಶುರು.
ಸದಸ್ಯರು ಏಳಕ್ಕೆ ಏಳೂ ಹಾಜರು, ಬರೆದುಕೊಂಡೆ.
ಬಂದ ಜನರನ್ನು ಎಣಿಸಿ ಬರೆಯುವ ರೂಢಿ ಇಲ್ಲ:
ಗೋಡೆಗೊರಗಿ ನಿಂತವರು, ಒದ್ದೆ ಕೋಟು ತೊಡೆಯ ಮೇಲಿಟ್ಟವರು,
ಬಾಗಿಲಾಚೆ ಇನ್ನೂ ಬೂಟಿನ ಹಿಮ ಕೊಡವುತ್ತಿದ್ದವರು.
ಹೋದ ವರ್ಷ ಸೇತುವೆಗೆಂದು ಸಾಲ ಎತ್ತಿದ ರಾತ್ರಿ
ಇದೇ ಕುರ್ಚಿಗಳಲ್ಲಿ ಮೂವರಿದ್ದರು,
ಒಬ್ಬ ಮೈ ಬೆಚ್ಚಗೆ ಮಾಡಿಕೊಳ್ಳಲು ಬಂದವನು.

ವಿಷಯ ಆರು: ಮನೆಗಳ ಕಸ.
ಯಾರು ಬೇಕಾದರೂ ಯಾರನ್ನು ಬೇಕಾದರೂ ಕರೆಯಬಹುದಾದ ಊರು ನಮ್ಮದು.
ಐದು ಕಂಪನಿ, ಐದು ಬಣ್ಣದ ಲಾರಿ,
ಸ್ಪ್ರೂಸ್ ಬೀದಿಯ ಹಿಂದಿನ ಓಣಿಯಲ್ಲಿ
ಹದಿಮೂರು ಮನೆಗೆ ವಾರಕ್ಕೆ ನಾಲ್ಕು ಬೆಳಗು ನಿದ್ದೆ ಇಲ್ಲ.
ಎಂಜಿನಿಯರ್ ಡಾಂಬರಿನ ಚಿತ್ರ ತೋರಿಸಿದ,
ಇದಕ್ಕೆ ಮೊಸಳೆ ಬಿರುಕು ಅನ್ನುತ್ತಾರೆ ಎಂದ.
ವರ್ಷದಲ್ಲಿ ಐದು ತಿಂಗಳು ನದಿ ಹೆಪ್ಪುಗಟ್ಟುವ ಊರು;
ಎಲ್ಲರೂ ಬಗ್ಗಿ ಬಗ್ಗಿ ಮೊಸಳೆ ನೋಡಿದರು.

ಒಬ್ಬೊಬ್ಬರಿಗೆ ಮೂರು ನಿಮಿಷ.
ರೆನೇ ಸ್ಕಲಿಟ್ಸ್ಕಿ: ನನ್ನ ಕಸ, ನನ್ನ ದುಡ್ಡು, ನನ್ನಿಷ್ಟ.
ಅಷ್ಟೇ. ಎರಡೂ ಮುಕ್ಕಾಲು ನಿಮಿಷ ಉಳಿಸಿ ಕೂತಳು.
ಇಫ್ರಾ ಗುಲೇದ್, ಮಗು ಸೊಂಟದಲ್ಲಿ:
ಆರಿಸುವವನು ಮನೆ ಮಾಲೀಕ, ಕಟ್ಟುವವಳು ನಾನು,
ಅದೇ ಗೋಡೆಯ ಆಚೆಮನೆಗಿಂತ ತಿಂಗಳಿಗೆ ಒಂಬತ್ತು ಡಾಲರ್ ಹೆಚ್ಚು.
ನಿಮ್ಮ ಇಷ್ಟ ಎಲ್ಲಿ ಸಿಗುತ್ತದೆ, ನನಗೂ ಒಂದು ಕೊಡಿ.
ಆರ್ವಿಲಾ ಟೋಫ್ಟೆ ಎದ್ದು ನಿಲ್ಲುವುದಕ್ಕೇ ಒಂದು ನಿಮಿಷ ಹೋಯಿತು.
ಡಬ್ಬಿ ಎಳೆದು ಒಂಬತ್ತು ವರ್ಷವಾಯಿತು, ಎಂದಳು,
ಆಸಿ ಗರಾಜಿನವರೆಗೆ ಬಂದು ತಾನೇ ಒಯ್ಯುತ್ತಾನೆ,
ನಿಮ್ಮ ಕರಾರಿನಲ್ಲಿ ಅದಕ್ಕೊಂದು ಕಾಲಂ ಇದೆಯೇ?
ಇದೆ, ಪುಟ ಹದಿನೇಳು, ಡಾಕ್ಟರ ಪತ್ರ ತಂದರೆ.
ಯಾರೂ ನಗಲಿಲ್ಲ. ನಾನು ಪುಟ ಹದಿನೇಳು ಎಂದು ಬರೆದೆ.

ಆಸಿ ಬ್ರಾಂಡ್‌ವಿಗ್ ಹಿಂದಿನ ಸಾಲಿನಲ್ಲಿದ್ದ,
ಮೂರು ಲಾರಿ, ಬಾಗಿಲ ಮೇಲೆ ಅಪ್ಪನ ಹೆಸರು.
ಅವನು ಮಾತಾಡಲಿಲ್ಲ. ಮಾತಾಡಿದ್ದರೆ ನನ್ನ ಕಡೆ ನೋಡಬೇಕಾಗುತ್ತಿತ್ತು.
ಟೆಂಡರ್ ತೆರೆಯುವುದು ಶುಕ್ರವಾರ ಎರಡು ಗಂಟೆಗೆ ಇತ್ತು.
ಶುಕ್ರವಾರ ಅವನ ಸರದಿ, ಹಿಂದಿನ ರಾತ್ರಿ ಬಿರುಗಾಳಿ.
ಸರದಿ ಮುಗಿಸಿಯೇ ಬಂದ, ಲಾರಿಯನ್ನೇ
ಬಾವುಟದ ಕಂಬದ ಕೆಳಗೆ ನಿಲ್ಲಿಸಿ.
ನಾನು ಮುದ್ರೆ ಒತ್ತಿದೆ: ಎರಡು ಗಂಟೆ ಹನ್ನೊಂದು ನಿಮಿಷ.
ತಡವಾದದ್ದನ್ನು ತೆರೆಯದೆ ಮರಳಿಸುವುದು ನಿಯಮ.
ನಿಯಮ ಕೆಟ್ಟದ್ದಲ್ಲ. ಹೋದ ಬಾರಿ ದೊಡ್ಡ ಕಂಪನಿಯ ಲಕೋಟೆಯೂ
ಇದೇ ಮೇಜಿನಿಂದ ಹೀಗೇ ಮರಳಿತ್ತು.
ಆದರೂ ಅದರ ಮೇಲಿನ ಕೈಬರಹ, ಮೂಲೆಯಲ್ಲಿ ಕೈಗವಸಿನ ಗುರುತು,
ಒಳಗೆ ಯಾವ ಅಂಕಿ ಇತ್ತೋ
ನನಗೆ ಈಗಲೂ ಗೊತ್ತಿಲ್ಲ.
ನಡಾವಳಿ ಹೇಳುತ್ತದೆ: ಮೂರು ಟೆಂಡರ್ ಬಂದವು.

ಪರ ನಾಲ್ಕು, ವಿರೋಧ ಮೂರು.
ಒಬ್ಬರಿಗೇ ಗುತ್ತಿಗೆ, ಐದು ವರ್ಷ, ತಿಂಗಳಿಗೆ ಇಪ್ಪತ್ತೊಂದು ಡಾಲರ್ ನಲವತ್ತು ಸೆಂಟ್,
ಹದಿನೈದು ದಿನಕ್ಕೊಮ್ಮೆ ಗಾಜು, ಕಾಗದ, ತಗಡು.
ನನಗೂ ಐದು ಡಾಲರ್ ಉಳಿಯುತ್ತದೆ. ಸುಳ್ಳು ಯಾಕೆ ಹೇಳಲಿ,
ಮೊದಲ ವಾರ ಓಣಿಯ ಮೌನಕ್ಕೇ ಎಚ್ಚರವಾಯಿತು,
ಮತ್ತೆ ಮಗ್ಗುಲು ಬದಲಿಸಿ ಚೆನ್ನಾಗಿ ಮಲಗಿದೆ.

ಹೊಸ ಗಾಲಿಡಬ್ಬಿಗಳು ಬಂದವು, ಎಲ್ಲರಿಗೂ ಒಂದೇ ಬೂದುಬಣ್ಣ.
ಹಳೆಯವನ್ನು ಏನು ಮಾಡುವುದೆಂದು ಮೂವತ್ತೆರಡು ಪುಟದ ಕರಾರಿನಲ್ಲಿ
ಒಂದು ಸಾಲೂ ಇಲ್ಲ.
ಕಸದ ಡಬ್ಬಿಯನ್ನು ಕಸಕ್ಕೆ ಹಾಕುವುದು ಹೇಗೆ?
ಬೀದಿಯುದ್ದಕ್ಕೂ ಇಟ್ಟರು, ಲಾರಿಯ ಕಬ್ಬಿಣದ ತೋಳು
ಒಂದೊಂದನ್ನೇ ಎತ್ತಿ, ಖಾಲಿಯನ್ನು ಇನ್ನೊಮ್ಮೆ ಖಾಲಿ ಮಾಡಿ,
ಮರ್ಯಾದೆಯಿಂದ ಅಲ್ಲೇ ಇಳಿಸಿ ಹೋಯಿತು.
ನಾನು ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ:
ಇದನ್ನೂ ಒಯ್ಯಿರಿ.
ತೋಳು ಮೇಲೆತ್ತಿ ಕೊಡವಿತು.
ಕಾಗದ ಹೋಯಿತು. ಡಬ್ಬಿ ಇದೆ.