ಎದೆಮಟ್ಟದ ಸುತ್ತಳತೆ

ಎದೆಮಟ್ಟ ಅಂದರೆ ನೆಲದಿಂದ ನೂರ ಮೂವತ್ತು ಸೆಂಟಿಮೀಟರು.
ಯಾರ ಎದೆ ಎಂದು ಕೈಪಿಡಿಯಲ್ಲಿಲ್ಲ.
ನನಗದು ಕಂಕುಳಿಗೆ ಬರುತ್ತದೆ,
ಕುಡಿಯರ ದೇವಕ್ಕಿಗೆ ಗದ್ದಕ್ಕೆ.

ತುಲಾ ಸಂಕ್ರಮಣ ಕಳೆದು ಒಂಬತ್ತನೆಯ ದಿನ
ಯವಕಪಾಡಿಯಿಂದ ಮೇಲಕ್ಕೆ, ಏಲಕ್ಕಿ ಮಲೆ ದಾಟಿ,
ಜೀಪಿನ ದಾರಿ ಹಳ್ಳದಲ್ಲಿ ಮುಗಿದ ಮೇಲೆ
ಕಾಲಿಗೆ ಹೊಗೆಸೊಪ್ಪಿನ ನೀರು ಸವರಿ ಹೊರಟೆವು.
ಜಿಗಣೆಗಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ.

ಕಾಡಿನ ಒಳಗೆ ಬಂದದ್ದು ಯಾವಾಗ ಎಂದು ತಿಳಿಯುವುದಿಲ್ಲ.
ಒಂದು ಹೆಜ್ಜೆಗೆ ಬಿಸಿಲಿತ್ತು. ಮುಂದಿನದಕ್ಕೆ
ಎಲ್ಲೋ ಮೇಲೆ ಬಿಸಿಲಿದೆ ಎಂಬ ಸುದ್ದಿ ಮಾತ್ರ.
ಬಲಗಿ, ಧೂಪ, ರಾಮಪತ್ರೆ, ಮತ್ತೆ ಬಲಗಿ,
ಕೆಸರು ಮೆಟ್ಟಲು ಮನಸ್ಸಿಲ್ಲದವರ ಹಾಗೆ
ಬೇರಿನ ತುದಿಗಾಲಲ್ಲಿ ನಿಂತಿವೆ.
ಎರಡು ಬೇರುಗೋಡೆಗಳ ನಡುವೆ ನಿಂತ ನೀರಲ್ಲಿ
ಬಾಡಿಗೆ ಕೊಡದ ಒಂದು ಕಪ್ಪೆ.

ಮರ ಅಳೆಯುವುದೆಂದರೆ ತಬ್ಬುವುದು, ಬೇರೆ ದಾರಿಯಿಲ್ಲ.
ಟೇಪು ಹಿಡಿದು ನಾನು ಈಚೆ, ಆಕೆ ಆಚೆ.
ಕೆನ್ನೆಗೆ ಪಾಚಿ, ತುಟಿಗೆ ಇರುವೆ.
ಕಾಣದ ಮಗ್ಗುಲಲ್ಲಿ ಬೆರಳು ಬೆರಳನ್ನು ತಡಕಿ
ಪಟ್ಟಿಯ ತುದಿಯನ್ನು ದಾಟಿಸುತ್ತದೆ.
ಬೆಳಗಿನಿಂದ ನಲವತ್ತೊಂದು ಮರ.
ಆಕೆಯ ಮುಖಕ್ಕಿಂತ ಆ ಬೆರಳೇ ಈಗ ಹೆಚ್ಚು ಪರಿಚಯ.

ಹದಿನಾಲ್ಕು ವರ್ಷದ ಹಿಂದೆ ಮೊಳೆ ಹೊಡೆದ ಬಿಲ್ಲೆಗಳನ್ನು
ತೊಗಟೆ ಅಂಚಿನಿಂದ ನುಂಗುತ್ತ ಬಂದಿದೆ.
ಒಂದರಲ್ಲಿ ಏಳು ಉಳಿದಿದೆ, ಇನ್ನೊಂದರಲ್ಲಿ
ಏಳರ ಕೊಕ್ಕೆ ಮಾತ್ರ.
೬೧ರ ಜಾಗದಲ್ಲಿ ಆಕಾಶ.
ಕೆಳಗೆ, ಆ ಬೆಳಕಿನಲ್ಲಿ, ಮೊಣಕಾಲೆತ್ತರದ ಸಸಿಗಳು
ಪಡಿತರ ಅಂಗಡಿಯ ಮುಂದಿನಂತೆ ನೂಕಾಡುತ್ತಿವೆ.
'ಬಿದ್ದಿದೆ' ಎಂದು ಬರೆಯಹೋದೆ.
'ಕೂತಿದೆ ಅನ್ನಿ,' ಅಂದಳು ದೇವಕ್ಕಿ.
'ಬೀಳೋದು ನಾವು.'
ನಮೂನೆಯಲ್ಲಿ ಕೂತದ್ದಕ್ಕೆ ಕಲಮು ಇಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದೆ.

ಕೂತ ಮರದ ಮೇಲೆ ನಾವೂ ಕೂತು
ಅಕ್ಕಿರೊಟ್ಟಿ, ಕಾಡುಮಾವಿನ ಉಪ್ಪಿನಕಾಯಿ.
ಮಂಗಟ್ಟೆ ಹಕ್ಕಿಯ ರೆಕ್ಕೆ
ಏರು ಹತ್ತುವ ಹಳೆ ಬಸ್ಸಿನಂತೆ ಏದುತ್ತ ಹೋಯಿತು.
ನನ್ನ ಕಾಲ್ಬೆರಳ ಸಂದಿಯಿಂದ ಆಕೆ ಒಂದು ಜಿಗಣೆ ಕಿತ್ತು
ನನಗೇ ತೋರಿಸಿದಳು, ಗುರುತು ಹಿಡಿಯಲಿ ಎಂಬಂತೆ.

೮೮, ಧೂಪ.
ಹಳೆಯ ಪುಸ್ತಕ ತೆರೆದೆ. ನನ್ನದೇ ಪೆನ್ಸಿಲು, ಸ್ವಲ್ಪ ಒದ್ದೆಯಾಗಿ:
ಆಚೆ ಕಡೆ ಹಿಡಿದವರು, ಮಾಚಯ್ಯ.
ಆ ಮುಂದಿನ ಬೇಸಿಗೆ ಜೇನಿಗೆಂದು ಹತ್ತಿದವನು
ಇಳಿದದ್ದು ಹಗ್ಗದಲ್ಲಲ್ಲ.
ಮಡಚುವಷ್ಟರಲ್ಲಿ ಆಕೆ ಕೇಳಿದಳು,
'ಅವ್ರು ಹಿಡಿದಾಗ ಎಷ್ಟಿತ್ತು?'
'ನಾನೂರ ಹನ್ನೆರಡು.'
'ಈಗ?'
'ನಾನೂರ ಹದಿನೇಳು.'
'ಎಲ್ಲಿ, ತೋರ್ಸಿ.'

ಟೇಪಿನ ಆ ಐದು ಗೆರೆಗಳ ಮೇಲೆ
ಬೆರಳು ಜೋಡಿಸಿ ಇಟ್ಟಳು. ಮೂರು ಬೆರಳು.
ಅಷ್ಟರೊಳಗೆ ಮಗಳ ಮದುವೆ, ಬರೆ ಕುಸಿದ ಆ ಮಳೆಗಾಲ,
ಹೆಂಚು ತೆಗೆದು ಶೀಟು ಹಾಕಿಸಿದ್ದು,
ಅವನ ಕತ್ತಿಗೆ ಹೊಸ ಹಿಡಿ.
ಇವೆಲ್ಲ ನಾನು ಸೇರಿಸಿದ್ದು. ಆಕೆ ಹೇಳಿದ್ದು ಇಷ್ಟೇ:
'ಇನ್ನೊಂದ್ಸಲ ಅಳೀವ. ತಪ್ಪಿರ್ಬೋದು.'

ತಪ್ಪಿರಲಿಲ್ಲ. ಆದರೂ ತಬ್ಬಿದೆ.
ತೊಗಟೆಗೆ ಕಿವಿ ಒತ್ತಿ, ತೋಳು ಚಾಚಿ ಕಾದೆ.
ಆಚೆಯಿಂದ ಬೆರಳು ಬರಲು
ಈ ಸಲ ಸ್ವಲ್ಪ ಹೊತ್ತಾಯಿತು.

'ನಾನೂರ ಹದಿನೇಳು,' ಕೂಗಿ ಹೇಳಿದೆ.
'ಸರಿ,' ಅಂದಿತು ಮರದ ಆಚೆ ಕಡೆ.

೮೯, ಬಲಗಿ.
ಬೇರಿನ ಕೆಳಗೆ ಜಾರುತ್ತದೆ, ನೋಡಿಕೊಂಡು.